ಹಿಲರಿಯ ಎರಡು ಚೆಂಡು
ದುಬೈಯ ಕ್ಲಬ್ಬಿನ ಮರಳು ಮೈದಾನದಲ್ಲಿ ಗಾಲ್ಫ್ ಕಲಿತು ಬಂದ ಹಿಲರಿ ಪ್ರತಿ ಸಂಜೆ ಶಿರಿಯದ ಕಡಲತಡಿಯಲ್ಲಿ ಒಬ್ಬನೇ ಎರಡು ಚೆಂಡು ಆಡುತ್ತಾನೆ. ಬಿಳಿಯದು ತನ್ನದು, ಕೆಂಪು ಬೊಟ್ಟಿನದು ದುಬೈಯಲ್ಲಿ ಜೊತೆಗಿದ್ದ ವಾಸಪ್ಪನದು. ಹೊಡೆಯುವ ಮೊದಲು ಮೂರು ಉಸಿರು ಎಣಿಸುತ್ತಾನೆ. ವಾಸಪ್ಪನ ಚೆಂಡಿಗೂ ಮೂರೇ, ಒಂದೂ ಕಡಿಮೆಯಿಲ್ಲ. “ಎಂತ ಪೊರ್ಬುಗಳೇ, ಇವತ್ತು ಯಾರು ಗೆದ್ದದ್ದು?” ಎಂದು ಬಲೆ ಬಿಡಿಸುತ್ತಾ ಮೀನುಗಾರ ಬೋಜ ಕೇಳುತ್ತಾನೆ; ಊರಲ್ಲಿ ಕ್ರೈಸ್ತರನ್ನು ಕರೆಯುವುದೇ ಹಾಗೆ. “ತಲೆ ತಣ್ಣಗೆ ಇದ್ದವ ಮಾರಾಯ.” ಹತ್ತು ವರ್ಷದ ಹಿಂದೆ, ಕ್ಲಬ್ಬಿನ ಕೆಲಸಗಾರರ ಪಂದ್ಯದಲ್ಲಿ ಕೊನೆಯ ಗುಂಡಿಯಲ್ಲಿ ಸೋತ ಸಿಟ್ಟಿನಲ್ಲಿ, ಗೆದ್ದ ಗೆಳೆಯ ವಾಸಪ್ಪ ಚಾಚಿದ ಕೈಯನ್ನು ಹಿಲರಿ ಹಿಡಿದಿರಲಿಲ್ಲ. ಈಗ ಕೆಂಪು ಬೊಟ್ಟು ಗೆದ್ದ ದಿನ ಅವನು ಟೊಪ್ಪಿ ತೆಗೆದು, ಬಲಗೈಯ ಮರಳು ಒರೆಸಿ, ಮೂರು ಉಸಿರು ಎಣಿಸಿ, ಗಾಳಿಗೆ ಕೈ ಚಾಚುತ್ತಾನೆ. “ವಾಸಪ್ಪಣ್ಣ ಈಗ ಪೈವಳಿಕೆಯ ಮನೆಯಲ್ಲೇ ಇದ್ದಾರಲ್ಲ, ಇಲ್ಲಿಂದ ಬಸ್ಸೂ ಉಂಟು” ಎನ್ನುತ್ತಾನೆ ಬೋಜ. ಹಿಲರಿ ಚಾಚಿದ ಕೈಯನ್ನೇ ನೋಡುತ್ತಾನೆ. “ಸೋತಾಗ ಇನ್ನೂ ಸಿಟ್ಟಿಗೆ ನಡುಗುತ್ತದೆ ಮಾರಾಯ, ಅದು ನಿಂತ ದಿನ ಹೋಗುತ್ತೇನೆ.”