ಕಪ್ತಾನ್ ಸ್ಟ್ರಾಟಿಸ್ ಅವರ ಬಾಜಿ

ಗ್ರೀಸಿನ ಪಿರೇಯಸ್ ಬಂದರಿನ ಪ್ರತಿ ಕಾಫಿ ಅಂಗಡಿಗೂ ಒಬ್ಬ ನಿವೃತ್ತ ಕಪ್ತಾನ ಇರಲೇಬೇಕು. ನಮ್ಮ ಪಾಲಿಗೆ ಬಂದವರು ಸ್ಟ್ರಾಟಿಸ್. ಪತ್ರಿಕೆ ಮುಟ್ಟುವುದಿಲ್ಲ, ಟೀವಿಯ ಮಂತ್ರಿಗಳನ್ನು ನಂಬುವುದಿಲ್ಲ; ಲೋಕದ ಆಗುಹೋಗುಗಳ ಮೇಲೆ ಜನ ಬಾಜಿ ಕಟ್ಟುವ ಫೋನಿನ ಮಾರುಕಟ್ಟೆಯೊಂದೇ ಅವರಿಗೆ ವೇದವಾಕ್ಯ. ದೂರದ ಜಲಸಂಧಿಯೊಂದರಲ್ಲಿ ಸುಂಕದ ಜಗಳ ಎದ್ದು ಹಡಗುಗಳೆಲ್ಲ ಲಂಗರು ಹಾಕಿ ನಿಂತ ಮೇಲಂತೂ ‘ಈ ತಿಂಗಳೊಳಗೆ ಹಡಗುಗಳನ್ನ ಬಿಡ್ತಾರಾ’ ಎಂಬ ಒಂದೇ ಬಾಜಿಗೆ ಅಂಟಿಕೊಂಡಿದ್ದರು. ಬಿಡುವ ಸಾಧ್ಯತೆ ನೂರಕ್ಕೆ ಹತ್ತಿದ್ದದ್ದು ಹನ್ನೊಂದಾದರೆ ಸಾಕು, ದೃಷ್ಟಿ ತಾಗದಿರಲೆಂದು ಫೋನಿಗೆ ಥೂ ಥೂ ಥೂ ಎಂದು ಉಗುಳುತ್ತಿದ್ದರು. “ಮೇಜು ಒರೆಸೋಳು ನಾನು, ಕಪ್ತಾನರೇ” ಎಂದು ಅಂಗಡಿಯ ಫೊಟಿನಿ ಗದರುತ್ತಿದ್ದಳು. “ಬಿಡಲ್ಲ ಅಂತ ಕಟ್ಟಿದ್ರೆ ಇಷ್ಟೊತ್ತಿಗೆ ಒಂದು ದೋಣಿ ತಗೋಬಹುದಿತ್ತಲ್ಲ” ಎಂದು ನಾವು ಕೆಣಕಿದರೆ, “ಬಿಡ್ತಾರೆ ಕಣ್ರೋ” ಎಂದಷ್ಟೇ ಹೇಳಿ ಮತ್ತೆ ಅದಕ್ಕೇ ಕಟ್ಟುತ್ತಿದ್ದರು. ಅಲ್ಲಿ ಸಿಕ್ಕಿಬಿದ್ದ ತೈಲದ ಹಡಗೊಂದರಲ್ಲಿ ಅವರ ಮಗಳೇ ಅಧಿಕಾರಿ ಎಂಬುದು ನಮಗೆ ತಿಳಿದದ್ದು ಇವತ್ತು, ಅದೇ ಫೋನಿನಲ್ಲಿ ಹಡಗಿನ ಕೂಗಿನ ಜೊತೆ “ದಾಟಿದ್ವಿ ಅಪ್ಪಾ” ಎಂಬ ದನಿ ಕೇಳಿದಾಗ. ಗೆದ್ದ ಬಾಜಿಯನ್ನು ನೋಡುವುದನ್ನೂ ಮರೆತು ಕಪ್ತಾನರು, “ಎಲ್ಲರಿಗೂ ಕಾಫಿ, ನನ್ನ ಲೆಕ್ಕಕ್ಕೆ” ಎಂದರು. ಫೊಟಿನಿ ಒರೆಸುವ ಬಟ್ಟೆ ಪಕ್ಕಕ್ಕಿಟ್ಟು, ಫೋನಿನ ಮೇಲೆ ಬಗ್ಗಿ, ಇಡೀ ಬಂದರಿಗೆ ಕೇಳುವಂತೆ ಮೂರು ಸಲ ಉಗುಳಿದಳು.