ಪೀಪಾಯಿ ಸುತ್ತುವವರು

ಕನ್ನಡಕದಂಗಡಿಯ ಯಜಮಾನರು ಬೆಳಗ್ಗೆ ಹಲ್ಲುಜ್ಜುವುದನ್ನಾದರೂ ಮರೆತಾರು, ಹಿತ್ತಲಿನ ಪೀಪಾಯಿ ಸುತ್ತುವುದನ್ನು ಮರೆಯರು. ಪೀಪಾಯಿಯ ಮೇಲೊಂದು ತಟ್ಟೆಯಗಲದ ಗಾಜು, ಅದರ ಮೇಲೆ ಇನ್ನೊಂದು, ನಡುವೆ ನೀರು, ಸಾಣೆಪುಡಿ. ಉಜ್ಜುತ್ತಾರೆ, ಒಂದು ಹೆಜ್ಜೆ ಸರಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಹೀಗೆ ತೇಯ್ದು ತೇಯ್ದು ಮೇಲಿನ ಗಾಜಿಗೆ ಗುಳಿ ಬಿದ್ದರೆ ದುರ್ಬೀನಿನ ಕನ್ನಡಿಯಾಗುತ್ತದೆ, ಶನಿಗ್ರಹದ ಸುತ್ತಲಿನ ಬಳೆ ಕಾಣುತ್ತದೆ ಎನ್ನುವುದು ಅವರ ಹನ್ನೊಂದು ವರ್ಷದ ಮಾತು. "ಲೋಕವೆಲ್ಲ ಶನಿ ತೊಲಗಿದ್ರೆ ಸಾಕು ಅನ್ನತ್ತೆ, ನಮ್ಮವರು ಹುಡುಕ್ಕೊಂಡು ಹೊರಟಿದಾರೆ" ಎಂದು ಹೆಂಡತಿ ನಗುತ್ತಾಳೆ. ಮೊದಲ ಗಾಜು ಬಿಸಿನೀರು ತಾಕಿ ಬಿರುಕು ಬಿಟ್ಟಿತು. ಎರಡನೆಯದು ಮುಗಿಯುವ ವಾರ ಸಾಣೆಪುಡಿಯ ಒಂದೇ ಒಂದು ಒರಟು ಕಾಳು ಸಿಕ್ಕಿ ಗೀರಾಯಿತು. ಮೂರನೆಯದನ್ನು ಒರೆಸಲು ಹೋಗಿ ಕೈಜಾರಿ ಬೀಳಿಸಿದವಳು ಆಕೆಯೇ. ಅವರು ಚೂರುಗಳನ್ನು ದಾಟಿ ಬಂದು, "ಕಾಲಿಗೆ ಚುಚ್ಚಲಿಲ್ಲ ತಾನೇ?" ಎಂದರು, ಅಷ್ಟೆ. ಮರುವಾರ ಹೊಸ ಗಾಜು, ಮತ್ತೆ ಮೊದಲನೆಯ ಸುತ್ತು. ಈಚೆಗೆ ಅವರಿಗೆ ಬಾಗಿಲಲ್ಲಿ ನಿಂತವರ ಮುಖವೂ ತಿಳಿಯುವುದಿಲ್ಲ. ಕಣ್ಣಿನ ನರವೇ ಸೋಲುತ್ತಿದೆ, ಯಾವ ಕನ್ನಡಕವೂ ಸಾಲದು ಎಂದಿದ್ದಾರೆ ಡಾಕ್ಟರು. "ಇದು ಮುಗಿಯೋ ಹೊತ್ತಿಗೆ ನಿಮಗೆ ಕಾಣ್ಬೇಕಲ್ಲ ರೀ?" ಎಂದು ಆಕೆ ತಡೆಯಲಾರದೆ ಕೇಳಿದಳು. ಬೆರಳ ತುದಿಯಲ್ಲಿ ಗುಳಿಯ ಆಳ ನೋಡಿ, ಅವರು ಒಂದು ಹೆಜ್ಜೆ ಸರಿದರು. "ನಿನ್ನ ಕಣ್ಣು ಚೆನ್ನಾಗಿದೆಯಲ್ಲ. ಬಳೆ ಹೇಗಿದೆ ಅಂತ ನೋಡಿ ಹೇಳುವಿಯಂತೆ."