‘ನಿನಗೇನನ್ಸುತ್ತೆ’ ಮೇಷ್ಟ್ರು

ಇಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದಲ್ಲಿ ಆ ಮೇಷ್ಟ್ರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಏನೇ ಕೇಳಲಿ, “ನಿನಗೇನನ್ಸುತ್ತೆ?” ಎಂದು ತಿರುಗಿ ಕೇಳುವುದು ಅವರ ರೂಢಿ. ಹಾಗಾಗಿ ಹುಡುಗರ ಬಾಯಲ್ಲಿ ಅವರು ‘ನಿನಗೇನನ್ಸುತ್ತೆ ಮೇಷ್ಟ್ರು’ ಆದರು. “ಸಾರಿಗೆ ಉಪ್ಪು ಸರಿಯಿದೆಯಾ ಅಂದ್ರೂ ಇದೇ ಉತ್ತರ ಕಣ್ರೀ, ಒಂದಿನ ಉಪ್ಪೇ ಹಾಕದೆ ಬಡಿಸ್ತೀನಿ” ಎಂದು ಹೆಂಡತಿ ಪಕ್ಕದ ಮನೆಯವರ ಹತ್ತಿರ ಹೇಳಿ ನಗುತ್ತಿದ್ದಳು. ಮೇಷ್ಟ್ರಿಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ. ಅವರು ಆ ಹೆಸರನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದರು.

ಅವರದೊಂದು ಹಟ. ಪುಸ್ತಕದ ಬದನೆಕಾಯಿ ಸಾರಿಗೆ ಬರುವುದಿಲ್ಲ. ಹುಡುಗರು ಯಂತ್ರ ಮಾಡಬೇಕು, ಅದು ಕೆಡಬೇಕು, ಯಾಕೆ ಕೆಟ್ಟಿತೆಂದು ತಲೆ ಕೆರೆದುಕೊಳ್ಳಬೇಕು. ಆಗಲೇ ವಿದ್ಯೆ. ಈಜು ಕಲಿಸುವವನು ದಡದಲ್ಲಿ ನಿಂತು ಪಾಠ ಒಪ್ಪಿಸಿದರೆ ಯಾರಿಗೆ ಈಜು ಬರುತ್ತದೆ? ಇದನ್ನೇ ಮೀಟಿಂಗಿನಿಂದ ಮೀಟಿಂಗಿಗೆ ಹೇಳಿ ಹೇಳಿ, ಸಹೋದ್ಯೋಗಿಗಳ ಆಕಳಿಕೆ ಸಹಿಸಿ, ಕೊನೆಯ ವರ್ಷದ ಒಂದು ದೊಡ್ಡ ಪರೀಕ್ಷೆಯನ್ನು ತೆಗೆಸಿಯೇ ಬಿಟ್ಟರು. ಅದರ ಬದಲಿಗೆ ಪ್ರಾಜೆಕ್ಟ್ ಬಂತು. ವರ್ಷವಿಡೀ ಒಂದೊಂದು ತಂಡ ಒಂದೊಂದು ಯಂತ್ರ ಕಟ್ಟಬೇಕು.

ವಿಭಾಗದ ಮುಖ್ಯಸ್ಥರು ಒಪ್ಪಿದರು, ಒಂದು ಷರತ್ತಿನ ಮೇಲೆ. “ಅಂಕ ಹೇಗೆ ಕೊಡ್ತೀರಿ, ಅದನ್ನ ಬರೆದುಕೊಡಿ.” ಮೇಷ್ಟ್ರು ಉತ್ಸಾಹದಲ್ಲಿ ತಾವೇ ಬರೆದುಕೊಟ್ಟರು: ಪ್ರಾಜೆಕ್ಟಿನ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಎದುರು ಯಂತ್ರ ಓಡಬೇಕು, ಓಡದಿದ್ದರೆ ಫೇಲು. ಬಣ್ಣದ ಚಿತ್ರ ಅಂಟಿಸಿ ವರದಿಯ ಪುಟ ತುಂಬಿಸುವವರ ಬಾಲ ಕತ್ತರಿಸಲು ಇದೇ ಸರಿಯಾದ ಕತ್ತರಿ ಎಂದುಕೊಂಡಿದ್ದರು. ಮರುವರ್ಷವೇ ಹುಡುಗರು ಮಾರುಕಟ್ಟೆಯಿಂದ ಸಿದ್ಧ ಯಂತ್ರ ತಂದು ಬಣ್ಣ ಬಳಿದು ಓಡಿಸತೊಡಗಿದರು. ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವ ಜಾತಿ. ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಆದರೆ ಯಂತ್ರ ಓಡುತ್ತಿತ್ತಲ್ಲ, ಹೇಳಲು ಬಾಯೆಲ್ಲಿತ್ತು?

ಆ ನಿರಾಸೆಯಲ್ಲಿದ್ದಾಗ ಅವರ ಕಣ್ಣಿಗೆ ಬಿದ್ದವಳು ಒಬ್ಬಳು ಹುಡುಗಿ. ಉಗುರಿನ ಸಂದಿಯಲ್ಲಿ ಸದಾ ಕಪ್ಪು ಇರುತ್ತಿದ್ದರಿಂದ ಗೆಳತಿಯರು ಅವಳನ್ನು ‘ಗ್ರೀಸು’ ಎಂದೇ ಕರೆಯುತ್ತಿದ್ದರು. ಅವಳ ತಾಯಿ ಲಿಫ್ಟಿಲ್ಲದ ಕಟ್ಟಡಗಳಲ್ಲಿ ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹೊರುವವಳು. ತಾಯಿಯ ಮಂಡಿ ಸವೆದು ಹೋಗಿತ್ತು. ಗ್ರೀಸು ಮತ್ತು ಅವಳ ತಂಡದ ಇಬ್ಬರು ಮೆಟ್ಟಿಲು ಹತ್ತುವ ಕೈಗಾಡಿ ಮಾಡಲು ಹೊರಟರು: ಎರಡೂ ಬದಿಗೆ ಮೂರು ಮೂರು ಚಕ್ರಗಳ ಗೊಂಚಲು, ಬ್ಯಾಟರಿ, ಸಣ್ಣ ಮೋಟಾರು. ಒಂದು ಕಾರ್ಖಾನೆ ಅವಳಿಗೆ ಕೆಲಸವನ್ನೂ ಕೊಟ್ಟಿತ್ತು, ಆ ವರ್ಷವೇ ಪಾಸಾದರೆ ಮಾತ್ರ. “ಕೆಲಸ ಸಿಕ್ಕ ದಿನವೇ ಅಮ್ಮನಿಗೆ ಕ್ಯಾನು ಮುಟ್ಟೋಕೆ ಬಿಡಲ್ಲ ಸಾರ್” ಎಂದಿದ್ದಳು.

ಪರೀಕ್ಷೆಗೆ ವಾರವಿರುವಾಗ ಅವಳು ಚಕ್ರಗಳನ್ನು ತಿರುಗಿಸುವ ಉಕ್ಕಿನ ಶಾಫ್ಟನ್ನು ತಾನೇ ಕಡೆದು ತಂದು ಮೇಷ್ಟ್ರ ಮೇಜಿನ ಮೇಲಿಟ್ಟಳು. ಚಕ್ರ ಜಾರದಂತೆ ಹಿಡಿಯುವ ಲೋಹದ ಬೆಣೆ ಕೂರಿಸಲು ಅದರಲ್ಲೊಂದು ತೋಡು ಕೊರೆದಿದ್ದಳು. ತೋಡಿನ ಮೂಲೆ ಚೂಪಾಗಿತ್ತು. ಅದು ದುಂಡಗಿರಬೇಕು, ಚೂಪಾಗಿದ್ದರೆ ಹೊರೆಯೆಲ್ಲ ಆ ಮೂಲೆಗೇ ಬಂದು ಅಲ್ಲಿಂದಲೇ ಬಿರುಕು ಬಿಡುತ್ತದೆ. ಮೇಷ್ಟ್ರು ನೋಡಿದ ಕೂಡಲೇ ಕಂಡುಹಿಡಿದರು.

“ಸರಿಯಿದೆಯಾ ಸಾರ್?”

ಮಾತು ನಾಲಿಗೆಯ ತುದಿಗೆ ಬಂತು. ಮೇಷ್ಟ್ರು ನುಂಗಿಕೊಂಡರು. “ನಿನಗೇನನ್ಸುತ್ತೆ?”

“ಸರಿಯಿದೆ ಅನ್ಸುತ್ತೆ.”

“ಹಾಗಾದ್ರೆ ಓಡಿಸಿ ನೋಡು.”

ತುಂಬಿದ ಕ್ಯಾನಿಟ್ಟು ಓಡಿಸಿದರೆ ನಾಳೆಯೋ ನಾಡಿದ್ದೋ ಮುರಿಯುತ್ತದೆ, ಅಳುತ್ತಾ ಬರುತ್ತಾಳೆ, ಬಂದಾಗ ಕೂರಿಸಿಕೊಂಡು ಹೇಳಿದರೆ ಜನ್ಮದಲ್ಲಿ ಮರೆಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಹೊಸ ಶಾಫ್ಟು ಕಡೆಯಲು ಸಮಯವೂ ಇತ್ತು. ಆದರೆ ಕಾಲೇಜಿನ ಮೆಟ್ಟಿಲ ಮೇಲೆ ನೀರು ಚೆಲ್ಲಿದರೆ ನೆಲ ಒರೆಸುವಾಕೆ ಜಗಳಕ್ಕೆ ಬರುತ್ತಿದ್ದಳು. ಅವಳ ಬಾಯಿಗೆ ಹೆದರಿ ತಂಡದ ಮೂವರೂ ವಾರವಿಡೀ ಖಾಲಿ ಕ್ಯಾನು ಇಟ್ಟೇ ಗಾಡಿಯನ್ನು ಹತ್ತಿಸಿ ಇಳಿಸಿದರು. ಗಾಡಿ ಹೂವಿನ ಹಾಗೆ ಓಡಿತು. ಗ್ರೀಸು ಅಳುತ್ತಾ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಮೇಷ್ಟ್ರೂ ಹೋಗಿ ವಿಚಾರಿಸಲಿಲ್ಲ. ವಿಚಾರಿಸಿದರೆ ಕಲಿಕೆ ಕೆಡುತ್ತದಲ್ಲ!

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ತುಂಬಿದ ಕ್ಯಾನು ಇಡಿಸಿದರು. ಗಾಡಿ ಒಂದು ಮೆಟ್ಟಿಲು ಹತ್ತಿತು, ಇನ್ನೊಂದು ಹತ್ತಿತು. ಆಮೇಲೆ ಕಟಕ್ಕೆಂದು ಶಾಫ್ಟು ತುಂಡಾಗಿ, ಕ್ಯಾನು ಉರುಳಿ, ನೀರೆಲ್ಲ ಪರೀಕ್ಷಕರ ಬೂಟಿನ ಮೇಲೆ ಹರಿಯಿತು. ಗ್ರೀಸು ಒದ್ದೆ ನೆಲದಲ್ಲೇ ಕೂತು ತುಂಡನ್ನು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, “ತೋಡಿನ ಮೂಲೆ ಚೂಪಾಯ್ತು ಸಾರ್, ಅಲ್ಲಿಂದಲೇ ಬಿರುಕು ಬಿಟ್ಟಿದೆ” ಎಂದಳು. ಯಾರೂ ಹೇಳಿಕೊಡದೆ ಹೇಳಿದಳು. ಮೇಷ್ಟ್ರು ಜೀವಮಾನವಿಡೀ ಕಾಯುತ್ತಿದ್ದ ಮಾತು ಅದು. ಕೇಳಿದವರೇ ಅವರು ಪರೀಕ್ಷಕರ ಕಡೆ ತಿರುಗಿದರು.

“ಜಾಣೆ. ಆದರೆ ನಿಮ್ಮದೇ ನಿಯಮ ಅಲ್ವಾ?” ಎಂದು ಪರೀಕ್ಷಕರು ಬೂಟು ಒದರುತ್ತಾ ಪೆನ್ನು ಮುಂದೆ ಹಿಡಿದರು. ಮೇಷ್ಟ್ರು ಬೇಡಿಕೊಂಡರು, ಮುಖ್ಯಸ್ಥರ ಕೋಣೆಗೂ ಓಡಿದರು. “ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ” ಎಂದರು ಮುಖ್ಯಸ್ಥರು. ಕೊನೆಗೆ ‘ಫೇಲು’ ಎಂಬುದರ ಕೆಳಗೆ ಮೇಷ್ಟ್ರ ಕೈಯೇ ಸಹಿ ಹಾಕಿತು. ಅಂಗಡಿಯ ಯಂತ್ರ ತಂದವರೆಲ್ಲ ಪಾಸು. ಕಾರ್ಖಾನೆ ಬೇರೊಬ್ಬನನ್ನು ತೆಗೆದುಕೊಂಡಿತು.

ತಂಡದ ಇನ್ನಿಬ್ಬರು ಪ್ರಾಜೆಕ್ಟಿಗೆ ಮತ್ತೆ ಹೆಸರು ನೋಂದಾಯಿಸಿದರು. ಗ್ರೀಸು ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಮೇಷ್ಟ್ರು ಅವಳನ್ನು ಹುಡುಕಿಕೊಂಡು ಹೊರಟರು. ಸಿಕ್ಕಿದ್ದು ಒಂದು ಹಳೆಯ ಕಟ್ಟಡದ ಇಕ್ಕಟ್ಟಿನ ಮೆಟ್ಟಿಲ ಮೇಲೆ. ತಾಯಿ ಹಾಸಿಗೆ ಹಿಡಿದಿದ್ದಳು. ಮಗಳ ಹೆಗಲ ಮೇಲೆ ಕ್ಯಾನಿತ್ತು.

“ವಾಪಸ್ ಬಾರಮ್ಮ. ಈ ಸಲ ನಾನೇ ಪಕ್ಕದಲ್ಲಿ ನಿಂತು ಮಾಡಿಸ್ತೀನಿ.”

ಅವಳು ಕ್ಯಾನು ಇಳಿಸಲಿಲ್ಲ. “ಒಂದು ಕೇಳ್ಲಾ ಸಾರ್? ಆವತ್ತು ಶಾಫ್ಟ್ ತೋರಿಸಿದಾಗ ನಿಮಗೆ ಗೊತ್ತಾಗಿತ್ತಾ?”

ಸುಳ್ಳು ಹೇಳಬಹುದಿತ್ತು. ಅದಕ್ಕೂ ಅವರಿಗೆ ಧೈರ್ಯ ಬರಲಿಲ್ಲ. “ಗೊತ್ತಾಗಿತ್ತಮ್ಮ. ಮುರಿದರೆ ನೀನೇ ಕಲೀತೀಯ ಅಂತ...”

ಹುಡುಗಿ ಅವರನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

“ಕಲಿತೆ ಸಾರ್” ಎಂದಳು. “ಸ್ವಲ್ಪ ದಾರಿ ಬಿಡಿ, ಭಾರ ಇದೆ.”

ಮೇಷ್ಟ್ರು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.